ತಿಗಣೆಯಿಲ್ಲದ ಹಾಸಿಗೆ

ಕಂತು – ಏಳು

ಟೊಸ್ಟೋನ್ ಕೂರಲಿಲ್ಲ.

ಹಾಸಿಗೆಯ ನಾಲ್ಕು ಮೂಲೆಯನ್ನೂ ಮೂಸಿತು. ತಲೆದಿಂಬಿನ ಹೊಲಿಗೆ ಮೂಸಿತು. ಗೋಡೆಯ ಪ್ಲಗ್ಗಿನ ತೂತಿಗೆ ಮೂಗಿಟ್ಟು ಫುಸ್ಸೆಂದು ಸೀನಿತು. ಆಮೇಲೆ ಯಜಮಾನಿಯ ಮುಖ ನೋಡಿ, ಇಲ್ಲೇನೂ ಇಲ್ಲ ನಡಿಯಮ್ಮ ಅನ್ನುವ ಹಾಗೆ ಬಾಲ ಅಲ್ಲಾಡಿಸಿತು. ಇದು ಮೂರನೇ ಸುತ್ತು.

"ಕೂರು ಅಂತ ಹೇಳ್ರೀ ಅದಕ್ಕೆ!" ಬಾಗಿಲಲ್ಲಿ ನಿಂತಿದ್ದ ಸೆಲ್ವಿನ್ ಕೂಗಿದ.

"ನಾನು ಹೇಳಿದ್ರೆ ಚರ್ಚಿನ ಪೀಠದ ಮೇಲೂ ಕೂರುತ್ತೆ ಕಣಪ್ಪ. ಹೇಳ್ಬೇಕಾದ್ದು ತಿಗಣೆ, ನಾನಲ್ಲ," ಎಂದಳು ಮಿಗ್ದಾಲಿಯಾ.

ಬ್ರಾಂಕ್ಸಿನಲ್ಲಿ ಹದಿಮೂರು ವರ್ಷದಿಂದ ಅವಳ ಕಸುಬು ಇದೇ. ನಾಯಿಯನ್ನು ಕರೆದುಕೊಂಡು ಮನೆಮನೆ ಸುತ್ತಿ ತಿಗಣೆ ಪತ್ತೆ ಮಾಡುವುದು. ಜೀವಂತ ತಿಗಣೆ ಇರುವಲ್ಲಿ ಟೊಸ್ಟೋನ್ ಕೂರುತ್ತದೆ. ಸರಿಯಾಗಿ ಕೂತರೆ ಒಂದು ಹಿಡಿ ಊಟ, ಸುಳ್ಳು ಕೂತರೆ ಬರೀ ಬೈಗುಳ. ಬೆಳಿಗ್ಗೆಯಿಂದ ಹಸಿದುಕೊಂಡು ದುಡಿಯುವ ಬೀಗಲ್ ನಾಯಿ ಅದು. ತಿಗಣೆ ಇದ್ದಿದ್ದರೆ ಬಿಡುತ್ತಿತ್ತೇ?

ಆದರೆ ಸೆಲ್ವಿನ್‌ನ ಹೆಂಡತಿ ನೆರೈದಾ ಆರು ವಾರದಿಂದ ಕಣ್ಣು ಮುಚ್ಚದೆ ಮೈ ಕೆರೆದುಕೊಳ್ಳುತ್ತಿರುವುದೂ ಸುಳ್ಳಲ್ಲ. ಎರಡು ಸಲ ಔಷಧಿ ಹೊಡೆಸಿದ್ದಾಯಿತು, ಎರಡು ಹಾಸಿಗೆ ಬೀದಿಗೆಸೆದದ್ದಾಯಿತು. ಕಳ್ಳ ಮಾತ್ರ ಸಿಕ್ಕಿರಲಿಲ್ಲ.

ಅವಳು ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಎಂಟು ತಿಂಗಳ ಬಸುರಿ. ಕಣ್ಣ ಕೆಳಗೆ ಕಪ್ಪಗೆ ಇಳಿಬಿದ್ದಿತ್ತು. ಕಾಲೆರಡನ್ನೂ ಮೇಜಿನ ಕೆಳಗೆ ಐಸ್ ನೀರಿನ ಟಬ್ಬಿನಲ್ಲಿಟ್ಟುಕೊಂಡು, ಅಂಗೈಯನ್ನು ಮೇಜಿನ ಅಂಚಿಗೆ ಉಜ್ಜುತ್ತಿದ್ದಳು. ಬಸುರಿಯರ ಕಾಲು ಊದಿಕೊಳ್ಳುವುದು ಇದ್ದದ್ದೇ ಅಂದುಕೊಂಡು ಮಿಗ್ದಾಲಿಯಾ ಆ ಟಬ್ಬಿನ ಕಡೆ ಎರಡನೇ ಸಲ ನೋಡಿರಲಿಲ್ಲ. ಅವಳೇ ಆಮೇಲೆ ತಲೆ ಚಚ್ಚಿಕೊಂಡದ್ದು ಇದಕ್ಕೇ.

"ಮಗು ಬರೋಕೆ ಇನ್ನು ಆರೇ ವಾರ, ದೋನ್ಯಾ," ಎಂದಳು ನೆರೈದಾ; ದೊಡ್ಡವರನ್ನು ಅವರಲ್ಲಿ ದೋನ್, ದೋನ್ಯಾ ಅಂತಲೇ ಕರೆಯುವುದು. "ತೊಟ್ಟಿಲು ಇನ್ನೂ ಹೊರಗೆ ವರಾಂಡದಲ್ಲಿ ಪ್ಲಾಸ್ಟಿಕ್ ಸುತ್ಕೊಂಡು ನಿಂತಿದೆ. ಒಳಗೆ ತರೋಕೆ ನನಗೆ ಧೈರ್ಯ ಇಲ್ಲ. ನನ್ನ ರಕ್ತ ಕುಡೀಲಿ, ಬೇಡ ಅನ್ನಲ್ಲ. ಕೂಸಿನದು ಕುಡಿದ್ರೆ?"

"ಯಾರದ್ದೂ ಕುಡಿಯೋಕೆ ಬಿಡಲ್ಲ ಮಗಳೇ. ಇವತ್ತು ಕಳ್ಳ ಯಾರು ಅಂತ ಗೊತ್ತಾಗ್ದೆ ನಾನು ಈ ಮೆಟ್ಟಿಲು ಇಳಿಯಲ್ಲ."

"ಗೊತ್ತಾಗೋದೇನಿದೆ?" ಸೆಲ್ವಿನ್ ಎದುರು ಬಾಗಿಲ ಕಡೆ ಕೈ ಮಾಡಿದ. "ಎಲ್ಲಾ ಆ ಮುದುಕನ ಕುರ್ಚಿಯಿಂದ ಬಂದದ್ದು!"

ಎದುರು ಮನೆಯ ದೋನ್ ಫುಲ್ಹೆನ್ಸಿಯೋಗೆ ಎಂಬತ್ತೊಂದು. ನೆಲದಡಿಯ ರೈಲು ಓಡಿಸಿ ನಿವೃತ್ತನಾದವನು. ಜನ ಬೇಡವೆಂದು ಫುಟ್‌ಪಾತಿನಲ್ಲಿಟ್ಟ ಕುರ್ಚಿಗಳನ್ನು ಹೊತ್ತು ತಂದು, ಹೊಸ ಬಟ್ಟೆ ಬಡಿದು, ಮದುವೆಯಾದ ಹುಡುಗ ಹುಡುಗಿಯರಿಗೆ ಹಂಚುವುದು ಅವನ ಹುಚ್ಚು. ಬೀದಿ ಕುರ್ಚಿಯೆಂದರೆ ತಿಗಣೆಯ ಅರಮನೆ ಅಂತ ಈ ಊರಿನಲ್ಲಿ ಮಗುವಿಗೂ ಗೊತ್ತು. ಹಾಗಾಗಿ ಇಡೀ ಕಟ್ಟಡ ಅವನತ್ತ ಬೆರಳು ತೋರಿಸಿತ್ತು. ಹನ್ನೊಂದು ಗಂಟೆಗೆ ಕಟ್ಟಡದ ಮ್ಯಾನೇಜರ್ ಕ್ರಾಂಡಲ್ ದೂರಿನ ಕಾಗದ ತರುವವನಿದ್ದ. ಸೆಲ್ವಿನ್ ಸಹಿ ಹಾಕಿದರೆ ಮುದುಕ ನಲವತ್ತೊಂದು ವರ್ಷದ ಮನೆ ಬಿಡಬೇಕಿತ್ತು.

"ಅವರ ಮನೇಲೂ ಬೆಳಿಗ್ಗೆ ಸುತ್ತು ಹಾಕಿಸಿದ್ದೀನಿ. ಹದಿನೇಳು ಕುರ್ಚಿ. ಒಂದರ ಹತ್ರಾನೂ ಕೂರಲಿಲ್ಲ ಇದು."

"ಹಾಗಾದ್ರೆ ನಿಮ್ಮ ನಾಯಿಗೆ ವಯಸ್ಸಾಗಿದೆ. ಮೂಗು ಹೋಗಿದೆ."

ಮಿಗ್ದಾಲಿಯಾಳಿಗೆ ರೇಗಿತು. ತನ್ನ ಬಗ್ಗೆ ಏನು ಬೇಕಾದರೂ ಅನ್ನಲಿ, ನಾಯಿಯ ಮೂಗಿನ ಬಗ್ಗೆ ಅನ್ನಬಾರದು. ಸೊಂಟದ ಚೀಲದಲ್ಲಿದ್ದ ವಾಸನೆ ಸೋರದ ಡಬ್ಬಿ ತೆರೆದು ಹೆಬ್ಬೆರಳಿನಷ್ಟು ದೊಡ್ಡ ಸೀಸೆ ತೆಗೆದಳು. ಬಾಯಿಗೆ ಸಣ್ಣ ಜಾಲರಿ. ಒಳಗೆ ಐದು ಜೀವಂತ ತಿಗಣೆ.

"ತಗೋ. ಇದು ನಾನು ಅದನ್ನ ಪಳಗಿಸೋಕೆ ಇಟ್ಕೊಂಡಿರೋದು. ನಾನು ಹೊರಗೆ ಹೋಗಿ ನಿಲ್ತೀನಿ. ಎಲ್ಲಿ ಬೇಕಾದ್ರೂ ಬಚ್ಚಿಡು. ನನಗೆ ಮಾತ್ರ ಹೇಳ್ಬೇಡ. ನನಗೆ ಗೊತ್ತಿದ್ರೆ ನನ್ನ ಮುಖ ನೋಡೇ ಇದು ಕಂಡುಹಿಡಿದುಬಿಡುತ್ತೆ, ಅಷ್ಟು ಕಿಲಾಡಿ."

ಸೆಲ್ವಿನ್ ಸೀಸೆಯನ್ನು ಕೆಂಡ ಹಿಡಿದ ಹಾಗೆ ಹಿಡಿದುಕೊಂಡು ಒಳಗೆ ಹೋದ. ಎರಡು ನಿಮಿಷವಾದ ಮೇಲೆ ಬಾಗಿಲು ತೆರೆದ. ಟೊಸ್ಟೋನ್ ಮಂಚ ದಾಟಿತು, ಸೋಫಾ ದಾಟಿತು, ಒಲೆಯ ಮೇಲಿದ್ದ ತೆಂಗಿನಹಾಲಿನ ಮೀನುಸಾರಿನ ಕಡೆಗೆ ಒಂದು ಆಸೆಯ ನೋಟ ಬೀರಿ ಅದನ್ನೂ ದಾಟಿತು. ಪಾತ್ರೆ ಬೀರುವಿನ ಮುಂದೆ ಹೋಗಿ, ತಟ್ಟನೆ ಕೂತಿತು! ಕಿವಿ ನಿಮಿರಿಸಿ, ಕೆಳಗಿನ ಖಾನೆಯನ್ನೇ ದಿಟ್ಟಿಸಿತು.

ಸೀಸೆ ಕಾಫಿ ಡಬ್ಬಿಯ ಹಿಂದೆ ಇತ್ತು. ಮುಚ್ಚಳ ಬಿಗಿಯಾಗಿದ್ದ ಡಬ್ಬಿ ಮೂರರ ಹಿಂದೆ!

"ನಲವತ್ತು ಸೆಕೆಂಡು," ಎಂದಳು ಮಿಗ್ದಾಲಿಯಾ, ನಾಯಿಯ ಬಾಯಿಗೆ ಊಟ ಹಾಕುತ್ತ. "ಮೂಗು ಹೋಗಿದೆಯಾ?"

ಸೆಲ್ವಿನ್ ನೆಲ ನೋಡಿದ. "ತಪ್ಪಾಯ್ತು ದೋನ್ಯಾ."

"ನನಗಲ್ಲ, ಅದಕ್ಕೆ ಹೇಳು. ಆಮೇಲೆ ಈ ಸೀಸೆ ತಗೊಂಡು ಕೆಳಗೆ ಹೋಗಿ, ನನ್ನ ವ್ಯಾನಿನ ಕಬ್ಬಿಣದ ಪೆಟ್ಟಿಗೇಲಿಟ್ಟು ಬೀಗ ಹಾಕು. ಬೀಗದ ಕೈ ನಿನ್ನ ಹತ್ರಾನೇ ಇರ್ಲಿ."

ಅವನು ಹೋಗಿ ಬರುವಷ್ಟರಲ್ಲಿ ಅವಳು ಕಿಟಕಿಯ ಬೆಳಕಿನಲ್ಲಿ ಒಂದು ಲಕೋಟೆ ಬಿಚ್ಚಿದಳು. ಮೂರು ವಾರದ ಹಿಂದೆ ಕ್ರಾಂಡಲ್, "ನಿಮ್ಮ ಮಂಚದಲ್ಲಿ ಸಿಕ್ಕಿದ್ದು" ಅಂತ ಅಂಟುಟೇಪಿನಲ್ಲಿ ಅಂಟಿಸಿ ಕೊಟ್ಟಿದ್ದ ಎರಡು ಸತ್ತ ತಿಗಣೆಗಳು. ಈ ಮನೆಯಲ್ಲಿ ಯಾರಾದರೂ ಕಣ್ಣಾರೆ ಕಂಡ ತಿಗಣೆ ಅಂದರೆ ಇವೆರಡೇ.

ಭೂತಗನ್ನಡಿ ಹಿಡಿದು ನೋಡಿದಳು. ಮತ್ತೆ ನೋಡಿದಳು. 

"ನೆರೈದಾ, ಹಳೇ ಬೆಡ್‌ಶೀಟು ಯಾವುದಾದ್ರೂ ಒಗೀದೇ ಇಟ್ಟಿದ್ದೀಯಾ?"

ಇತ್ತು. ಚೀಲದಲ್ಲಿ ಗಂಟು ಕಟ್ಟಿಟ್ಟಿದ್ದಳು. ಮಿಗ್ದಾಲಿಯಾ ಅದನ್ನು ಮೇಜಿನ ಮೇಲೆ ಹರಡಿದಳು. ಉಗುರಿನಿಂದ ಗೀರಿಕೊಂಡ ರಕ್ತದ ಗೆರೆಗಳು ಧಾರಾಳವಾಗಿದ್ದವು. ಆದರೆ ಕಪ್ಪು ಚುಕ್ಕೆ? ಪೆನ್ನಿನ ಮೊನೆ ಇಟ್ಟಂಥ ಆ ಕಪ್ಪು ಚುಕ್ಕೆ, ರಕ್ತ ಕುಡಿದ ತಿಗಣೆ ಬಿಟ್ಟು ಹೋಗುವ ಹೇಲು, ಒಂದೂ ಇರಲಿಲ್ಲ.

ಸೆಲ್ವಿನ್ ಏದುಸಿರು ಬಿಡುತ್ತ ಮೇಲೆ ಬಂದ.

"ಬಾ ಇಲ್ಲಿ. ಟೇಪಿನಲ್ಲಿರೋ ಇವನ್ನ ನೋಡು. ಹೇಗಿವೆ?"

"ಚಪ್ಪಟೆಯಾಗಿವೆ."

"ಕಾಗದದಷ್ಟು ಚಪ್ಪಟೆ! ತಿಂಗಳುಗಟ್ಟಲೆ ಹಸಿದು ಸತ್ತಿರೋ ತಿಗಣೆ ಕಣೋ ಇವು. ನಿನ್ನ ಹೆಂಡ್ತಿ ಮೈಮೇಲೆ ದಿನಾ ಹಬ್ಬದೂಟ ಮಾಡಿದ್ರೆ ಡೊಳ್ಳುಹೊಟ್ಟೆ ಇರ್ಬೇಕಿತ್ತು, ಅಲ್ವಾ?"

ಸೆಲ್ವಿನ್ ಬಾಯಿ ತೆರೆದ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಕ್ರಾಂಡಲ್ ಎಚ್ಚರಿಕೆಯ ಮನುಷ್ಯ. ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ, ಕೈಗೆ ಗ್ಲೌಸು, ಉದ್ದನೆಯ ಬೂದು ಕೋಟು. ಒಳಗೆ ಬಂದರೂ ಗೋಡೆಗೆ ತಾಗಲಿಲ್ಲ, ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವನ ಹಿಂದೆಯೇ ಬಂದ ದೋನ್ ಫುಲ್ಹೆನ್ಸಿಯೋ ಹೊಸ್ತಿಲಾಚೆ ನಿಂತ, ತಲೆಯ ಟೋಪಿ ಕೈಯಲ್ಲಿ ಹಿಡಿದುಕೊಂಡು.

"ಸಹಿ ಇಲ್ಲಿ," ಎಂದ ಕ್ರಾಂಡಲ್ ಕಾಗದ ಚಾಚಿ. "ಆಮೇಲೆ ಈ ಯಜಮಾನರ ಮನೆ ನಾನೇ ಖುದ್ದಾಗಿ ಪರಿಶೀಲಿಸ್ತೀನಿ. ಕುರ್ಚಿಗಳನ್ನ ಒಂದೊಂದಾಗಿ."

"ನೀವೊಬ್ಬರೇನಾ?" ಕೇಳಿದಳು ಮಿಗ್ದಾಲಿಯಾ.

"ನಿಯಮ ಹಾಗಿದೆ."

"ನಾನು ನಿನ್ನ ಮಗುವಿಗೆ ಅಂತ ತೂಗುಕುರ್ಚಿ ಮಾಡ್ತಿದ್ದೆ ಮಗಾ," ಎಂದ ಮುದುಕ ಸೆಲ್ವಿನ್‌ಗೆ. "ತಿಗಣೆ ಇದ್ರೆ ಮಾಡ್ತಿದ್ನಾ?"

ಸೆಲ್ವಿನ್ ಪೆನ್ನು ಹಿಡಿದುಕೊಂಡು ನಿಂತ. ಸಹಿಯನ್ನೂ ಹಾಕಲಿಲ್ಲ, ಪೆನ್ನನ್ನೂ ಇಡಲಿಲ್ಲ.

ಆಗಲೇ ಮಿಗ್ದಾಲಿಯಾಳ ಕೈಯಲ್ಲಿದ್ದ ಹಗ್ಗ ಬಿಗಿಯಾಯಿತು. ಟೊಸ್ಟೋನ್ ಮುಂದಕ್ಕೆ ಎಳೆಯುತ್ತಿತ್ತು. ಮೂಗು ಮೇಲೆತ್ತಿ ಗಾಳಿ ಕುಡಿಯಿತು, ಕ್ರಾಂಡಲ್‌ನ ಸುತ್ತ ಒಂದು ಸುತ್ತು ಬಂತು, ಕೋಟಿನ ಬಲಜೇಬಿನ ಕೆಳಗೆ ನಿಂತಿತು. ಮತ್ತೆ... ಕೂತಿತು!



"ಏನಿದು? ನಾಯೀನ ಆಚೆ ಎಳೀರಿ," ಎಂದ ಕ್ರಾಂಡಲ್.

"ಎಳೀತೀನಿ. ಅದಕ್ಕೆ ಮುಂಚೆ ಜೇಬು ತೋರಿಸಿ."

"ನಿಮ್ಮ ಹತ್ರ ತಿಗಣೆ ಸೀಸೆ ಇರುತ್ತೆ ಅಂತ ನನಗೆ ಗೊತ್ತು. ಅದರ ವಾಸನೆಗೆ ಕೂತಿದೆ ಇದು."

"ನನ್ನ ಸೀಸೆ ಕೆಳಗೆ ವ್ಯಾನಿನಲ್ಲಿದೆ. ಬೀಗದ ಕೈ ಈ ಹುಡುಗನ ಹತ್ರ ಇದೆ. ತೋರಿಸೋ ಸೆಲ್ವಿನ್!"

ಸೆಲ್ವಿನ್ ಬೀಗದ ಕೈ ಎತ್ತಿ ಹಿಡಿದ. ಅವನ ಇನ್ನೊಂದು ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿತ್ತು.

"ಇದು ಕಿರುಕುಳ. ನಾನು ಹೊರಡ್ತೀನಿ." ಕ್ರಾಂಡಲ್ ತಿರುಗಿದ. ಬಾಗಿಲಲ್ಲಿ ದೋನ್ ಫುಲ್ಹೆನ್ಸಿಯೋ ಇದ್ದ. ಒಣಕಡ್ಡಿಯಂಥ ಮುದುಕ. ಆದರೂ ಎರಡೂ ಕೈ ಚೌಕಟ್ಟಿಗೆ ಊರಿ ನಿಂತುಬಿಟ್ಟ.

"ಮೂವತ್ತು ವರ್ಷ ರೈಲು ಓಡಿಸಿದ್ದೀನಿ, ಸ್ವಾಮಿ. ಬಾಗಿಲು ಯಾವಾಗ ತೆಗೀಬೇಕು ಅಂತ ನನಗೆ ಗೊತ್ತು."

ಸೆಲ್ವಿನ್ ಎರಡೇ ಹೆಜ್ಜೆಯಲ್ಲಿ ಕ್ರಾಂಡಲ್‌ನ ಮುಂದೆ ಬಂದ. "ತೆಗೀರಿ ಜೇಬಿನಲ್ಲಿರೋದನ್ನ. ನಾನು ಮುಟ್ಟಲ್ಲ. ನೀವೇ ತೆಗೀರಿ."

ಗ್ಲೌಸಿನ ಕೈ ಜೇಬಿಗೆ ಹೋಯಿತು. ಹೊರಬಂದದ್ದು ಮಾತ್ರೆಯ ಕಿತ್ತಳೆ ಬಣ್ಣದ ಡಬ್ಬಿ. ಅದರ ತಳದಲ್ಲಿ ಏಳೆಂಟು ಕಂದು ಚುಕ್ಕೆಗಳು ಹರಿದಾಡುತ್ತಿದ್ದವು.

"ದೇವರೇ! ಹೊತ್ಕೊಂಡು ಬಂದಿದ್ದೀಯಲ್ಲೋ!" ದೋನ್ ಫುಲ್ಹೆನ್ಸಿಯೋ ಚೀರಿದ. "ನನ್ನ ಕುರ್ಚಿಗೆ ಬಿಡೋಕೆ! ನನ್ನನ್ನ ಬೀದಿಗೆ ಹಾಕಿ ಮನೇನ ದುಬಾರಿ ಬಾಡಿಗೆಗೆ ಕೊಡೋಕೆ!"

ಮಿಗ್ದಾಲಿಯಾಳಿಗೆ ಕುಣಿಯಬೇಕು ಅನಿಸಿತು. ಇಷ್ಟು ವರ್ಷದಲ್ಲಿ ಟೊಸ್ಟೋನ್ ಮನುಷ್ಯನ ಮುಂದೆ ಕೂತದ್ದು ಇದೇ ಮೊದಲು. ಚೀಲದಲ್ಲಿ ಉಳಿದಿದ್ದ ಊಟವನ್ನೆಲ್ಲ ಅದರ ಮುಂದೆ ಸುರಿದಳು. "ತಿನ್ನು ನನ್ನ ರಾಜ, ತಿನ್ನು! ಆ ಟೇಪಿನ ತಿಗಣೆಗಳೂ ಇವನ ಸಾಕುಪ್ರಾಣಿಗಳೇ."

ಸೆಲ್ವಿನ್ ದೂರಿನ ಕಾಗದವನ್ನು ನಾಲ್ಕು ಚೂರು ಮಾಡಿದ. ಮುದುಕನ ಹತ್ತಿರ ಹೋಗಿ ಏನು ಹೇಳಬೇಕೆಂದು ತಿಳಿಯದೆ ಅವನ ಹೆಗಲಿಗೆ ತಲೆ ಇಟ್ಟುಬಿಟ್ಟ.

ಕ್ರಾಂಡಲ್ ಮಾತ್ರ ಬಿಳಿಚಿಕೊಂಡಿದ್ದರೂ ಸೋಲಲಿಲ್ಲ. "ಆಯ್ತು. ಡಬ್ಬಿ ತಂದೆ. ಟೇಪನ್ನೂ ನಾನೇ ತಂದೆ. ಎಲ್ಲಾದ್ರೂ ಹೇಳ್ಕೊಳ್ಳಿ. ಆದ್ರೆ ಒಂದು ವಿಷಯ ಯೋಚನೆ ಮಾಡಿ. ಟೇಪು ತಂದದ್ದು ಮೂರು ವಾರದ ಹಿಂದೆ. ಈಕೆ ಕೆರ್ಕೊಳ್ಳೋಕೆ ಶುರು ಮಾಡಿದ್ದು ಆರು ವಾರದ ಹಿಂದೆ. ಈ ಮನೇಲಿ ಬದುಕಿರೋ ತಿಗಣೆ ಒಂದನ್ನೂ ನಾನು ಬಿಟ್ಟಿಲ್ಲ. ತಿಗಣೆ ಇದೆ ಅಂತ ನೀವೇ ಕೂಗಿದ್ರಿ. ನಾನು ಅದನ್ನ ಬಳಸ್ಕೊಂಡೆ, ಅಷ್ಟೇ."

ಅವನು ಮುದುಕನ ಕೈ ಸರಿಸಿ ಮೆಟ್ಟಿಲಿಳಿದು ಹೋದ. ಯಾರೂ ತಡೆಯಲಿಲ್ಲ.

ಮಿಗ್ದಾಲಿಯಾಳ ಸಂಭ್ರಮ ಜರ್ರನೆ ಇಳಿಯಿತು. ಲಫಂಗನಾದರೇನು, ಅವನ ಲೆಕ್ಕ ಸರಿಯಾಗಿತ್ತು. ಸಣ್ಣ ಕಳ್ಳ ಸಿಕ್ಕಿದ್ದ. ದೊಡ್ಡ ಕಳ್ಳ ಇನ್ನೂ ಇಲ್ಲೇ ಇದ್ದ.

ಕರ್ ಕರ್ ಅಂತ ಸದ್ದು ಕೇಳಿಸಿತು. ಇಷ್ಟೆಲ್ಲ ರಾದ್ಧಾಂತದ ನಡುವೆಯೂ ನೆರೈದಾ ಕೆರೆದುಕೊಳ್ಳುತ್ತಲೇ ಇದ್ದಳು. ಈಗ ಅವಳ ಕೈಯಲ್ಲಿ ಊಟದ ಫೋರ್ಕು. ಅದರ ಹಲ್ಲುಗಳನ್ನು ಅಂಗೈಗೆ ಒತ್ತಿ ಎಳೆಯುತ್ತಿದ್ದಳು.

"ಮಗಳೇ, ಕಾಲು ಮೇಲೆತ್ತು."

"ಯಾಕೆ ದೋನ್ಯಾ?"

"ಎತ್ತಮ್ಮ ಸುಮ್ನೆ."

ಟಬ್ಬಿನಿಂದ ಕಾಲು ಹೊರಬಂತು. ಊದಿರಲಿಲ್ಲ. ಅಂಗಾಲು ಮಾತ್ರ ಹಸಿಹಸಿಯಾಗಿ, ಉಜ್ಜಿ ಉಜ್ಜಿ ಸಿಪ್ಪೆ ಎದ್ದಿತ್ತು. ಮಿಗ್ದಾಲಿಯಾ ತೋಳು ಮೇಲೆ ಮಾಡಿಸಿ ನೋಡಿದಳು, ಕತ್ತು ನೋಡಿದಳು, ಬೆನ್ನು ನೋಡಿದಳು. ಉಗುರಿನ ಗೀರು ಬಿಟ್ಟರೆ ಒಂದು ಗುಳ್ಳೆಯಿಲ್ಲ. ತಿಗಣೆ ಸಾಲಾಗಿ ಮೂರು ಕಡೆ ಕಚ್ಚುವ ಗುರುತೂ ಇಲ್ಲ.

"ಮೊದಲು ಶುರುವಾದದ್ದು ಎಲ್ಲಿ?"

"ಅಂಗೈ, ಅಂಗಾಲು. ಈಗ ಮೈಯೆಲ್ಲ. ರಾತ್ರಿ ಆದ್ರೆ ಚರ್ಮಾನೇ ಸುಲಿದು ಬಿಸಾಕೋಣ ಅನ್ಸುತ್ತೆ."

"ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!" ಮಿಗ್ದಾಲಿಯಾ ಹಣೆ ಚಚ್ಚಿಕೊಂಡಳು. "ಸಾವಿರಾರು ಜನರ ಮೈಮೇಲೆ ಕಚ್ಚಿದ ಗುರುತು ನೋಡಿದ್ದೀನಿ. ಎರಡೂ ಅಂಗೈ, ಎರಡೂ ಅಂಗಾಲಿಗೆ ಒಂದೇ ಸಲ ಬಾಯಿ ಹಾಕಿದ ತಿಗಣೆ ಒಂದನ್ನೂ ನೋಡಿಲ್ಲ. ನಿಮ್ಮ ಕ್ಲಿನಿಕ್ಕಿನಲ್ಲಿ ಏನಂದ್ರು ಇದಕ್ಕೆ?"

ನೆರೈದಾ ಗಂಡನ ಮುಖ ನೋಡಿದಳು. ಗಂಡ ಗೋಡೆ ನೋಡಿದ.

"ಹೇಳಿಲ್ಲ," ಎಂದಳು ಕೊನೆಗೆ.

"ಆರು ವಾರ ಹೇಳಿಲ್ವಾ?"

"ಹೇಗೆ ಹೇಳೋದು ದೋನ್ಯಾ? ಹೋದ ವರ್ಷ ಒಬ್ಬಾಕೆಯ ಕೈಚೀಲದ ಮೇಲೆ ತಿಗಣೆ ಕಾಣಿಸ್ತು ಅಂತ ಕಾಯೋ ಕೋಣೆ ಪೂರ್ತಿ ಖಾಲಿ ಮಾಡ್ಸಿದ್ರು. ಎಲ್ರೂ ಅವಳನ್ನ ನೋಡಿದ ನೋಟ ನಾನು ಕಂಡಿದ್ದೀನಿ. ನಮ್ಮ ಮನೇಲಿ ತಿಗಣೆ ಅಂತ ಗೊತ್ತಾದ್ರೆ ಸೆಲ್ವಿನ್ ಕೆಲಸ ಮಾಡೋ ಹೋಟೆಲಿಗೂ ಸುದ್ದಿ ಹೋಗುತ್ತೆ. ಉದ್ದ ತೋಳಿನ ಅಂಗಿ ಹಾಕ್ಕೊಂಡು, ಕೈ ಜೇಬಿನಲ್ಲಿಟ್ಕೊಂಡು ಕೂತು ಬಂದೆ. ನಿದ್ದೆ ಬರುತ್ತಾ ಅಂದ್ರು. ಬರುತ್ತೆ ಅಂದೆ."

ಮಿಗ್ದಾಲಿಯಾಳಿಗೆ ಬೈಯಲು ಮನಸ್ಸು ಬರಲಿಲ್ಲ. ಈ ಊರಿನಲ್ಲಿ ತಿಗಣೆ ಅಂದರೆ ಕೊಲೆ ಮುಚ್ಚಿಟ್ಟ ಹಾಗೆ ಮುಚ್ಚಿಡುತ್ತಾರೆ. ಅವಳ ವ್ಯಾನಿನ ಮೇಲೆ ಹೆಸರೇ ಬರೆಸಿಲ್ಲ. ಬರೆಸಿದರೆ ಯಾರೂ ಮನೆ ಮುಂದೆ ನಿಲ್ಲಿಸಲು ಬಿಡುವುದಿಲ್ಲ.

ಅವಳಿಗೆ ಒಬ್ಬ ಟೈಲರ್ ನೆನಪಾದ. ಐದು ವರ್ಷದ ಹಿಂದೆ ತಿಗಣೆ ತಿಗಣೆ ಅಂತ ನಾಲ್ಕು ಸಲ ಕರೆಸಿದ್ದ. ನಾಲ್ಕು ಸಲವೂ ಟೊಸ್ಟೋನ್ ಕೂರಲಿಲ್ಲ. ಕೊನೆಗೆ ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದಾಗ ಗೊತ್ತಾಯಿತು, ಪಿತ್ತ ಇಳಿಯುವ ದಾರಿ ಕಟ್ಟಿಕೊಂಡು ರಕ್ತಕ್ಕೆ ಸೇರಿತ್ತು. ಅವನನ್ನು ಕಚ್ಚಿದವರು ಯಾರೂ ಇರಲಿಲ್ಲ. ನವೆ ಒಳಗಿನಿಂದಲೇ ಬರುತ್ತಿತ್ತು.

"ಮೂತ್ರ ಯಾವ ಬಣ್ಣ ಹೋಗ್ತಿದೆ ಮಗಳೇ? ನಾಚ್ಕೋಬೇಡ."

"ಕಪ್ಪು... ಕಡು ಚಹಾ ಥರ. ನೀರು ಕಮ್ಮಿ ಕುಡಿದಿರ್ಬೇಕು ಅಂದ್ಕೊಂಡೆ."

ಮಿಗ್ದಾಲಿಯಾ ಹೋಗಿ ಫ್ರಿಜ್ಜಿಗೆ ಅಂಟಿಸಿದ್ದ ಆಸ್ಪತ್ರೆಯ ಚೀಟಿ ಕಿತ್ತು ತಂದು ಹೆರಿಗೆ ವಾರ್ಡಿನ ನಂಬರು ಒತ್ತಿದಳು. ಎಲ್ಲರಿಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟಳು. ರಿಂಗಾಗುತ್ತಿತ್ತು.

"ಅಮ್ಮನಿಗೂ ಹೀಗೇ ಆಗಿತ್ತು," ಎಂದಳು ನೆರೈದಾ ಇದ್ದಕ್ಕಿದ್ದ ಹಾಗೆ. "ಹೊಂಡುರಾಸಿನಲ್ಲಿ. ನನ್ನ ತಮ್ಮ ಹೊಟ್ಟೇಲಿದ್ದಾಗ. ಸಮುದ್ರದ ಮರಳಿನಲ್ಲಿ ಅಂಗಾಲು ತಿಕ್ಕುತ್ತಾ ಕೂತಿರ್ತಿದ್ಲು. ಮರಳುನೊಣ ಕಚ್ಚಿದೆ ಅಂತ ಅಜ್ಜಿ ಕೊಬ್ಬರಿ ಎಣ್ಣೆ ಹಚ್ತಿದ್ಲು."

"ನಿನಗೆ ತಮ್ಮ ಇದ್ದಾನೆ ಅಂತ ನನಗೆ ಗೊತ್ತೇ ಇಲ್ವಲ್ಲ," ಎಂದ ಸೆಲ್ವಿನ್.

"ಇಲ್ಲ. ಹುಟ್ಟಿದಾಗ ಅಳಲೇ ಇಲ್ಲ ಅವನು."

ಸೆಲ್ವಿನ್ ಹೆಂಡತಿಯ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡ. ಮುದುಕ ಶಿಲುಬೆಯ ಗುರುತು ಹಾಕಿಕೊಂಡ. ಫೋನಿನಲ್ಲಿ ನರ್ಸಿನ ದನಿ ಬಂತು.

ಮಿಗ್ದಾಲಿಯಾ ಬಡಬಡನೆ ಹೇಳಿದಳು. ಮೂವತ್ತನಾಲ್ಕು ವಾರ, ಅಂಗೈ ಅಂಗಾಲಿನ ನವೆ, ಗುಳ್ಳೆ ಇಲ್ಲ, ನಿದ್ದೆ ಇಲ್ಲ, ಮೂತ್ರ ಕಪ್ಪು. ನರ್ಸು ಮೊದಲು ಹೂಂ ಹೂಂ ಅನ್ನುತ್ತಿದ್ದಳು. ತಾಯಿಯ ವಿಷಯ ಬಂದಾಗ ಹೂಂಗುಟ್ಟುವುದು ನಿಂತಿತು.

"ಫೋನು ಆಕೆಯ ಹತ್ರ ಕೊಡಿ. ನೆರೈದಾ, ನಾನು ಕೇಳೋದಕ್ಕೆ ಚೆನ್ನಾಗಿ ಯೋಚನೆ ಮಾಡಿ ಉತ್ತರ ಹೇಳಮ್ಮ. ಪಿತ್ತ ರಕ್ತಕ್ಕೆ ಸೇರ್ತಿರೋ ಹಾಗಿದೆ, ಹಾಗಿದ್ರೆ ಮಗುವಿಗೆ ಅಪಾಯ. ರಕ್ತ ಪರೀಕ್ಷೆ ಮಾಡದೆ ಖಂಡಿತ ಹೇಳೋಕಾಗಲ್ಲ. ಔಷಧಿ ಇದೆ, ಬೇಕಾದ್ರೆ ಹೆರಿಗೇನೂ ಬೇಗ ಮಾಡಿಸ್ತೀವಿ. ಈಗ ಹೇಳು, ಮಗು ಇವತ್ತು ಒದೀತಾ?"

"ಹೂಂ, ಒದ್ದಿದೆ," ಎಂದ ಸೆಲ್ವಿನ್ ಥಟ್ಟನೆ. "ದಿನಾ ಬೆಳಿಗ್ಗೆ ಒದೆಯುತ್ತೆ."

"ನಾನು ಅವಳನ್ನ ಕೇಳಿದ್ದು."

ನೆರೈದಾಳ ಕೈಯಿಂದ ಫೋರ್ಕು ಜಾರಿತು. ಅಂಗೈ ಹೊಟ್ಟೆಯ ಮೇಲೆ ಹೋಯಿತು. ಎಡಕ್ಕೆ ಒತ್ತಿ ನೋಡಿದಳು, ಬಲಕ್ಕೆ ಒತ್ತಿ ನೋಡಿದಳು. ಸೆಲ್ವಿನ್ ಅವಳ ಮುಂದೆ ಮಂಡಿಯೂರಿ ಕಿವಿಯಿಟ್ಟ.

"ತುರಿಕೆ ಗಲಾಟೇಲಿ ನಾನು ಗಮನಾನೇ ಕೊಟ್ಟಿಲ್ಲ ಸಿಸ್ಟರ್," ಎಂದಳು. "ನಿನ್ನೆ... ನಿನ್ನೆ ಮಧ್ಯಾಹ್ನ ಒದ್ದಿತ್ತು. ಆಮೇಲೆ ಇಲ್ಲ."

ಆ ಕಡೆ ನರ್ಸು ಯಾರನ್ನೋ ಜೋರಾಗಿ ಕೂಗಿ ಕರೆದದ್ದು ಕೇಳಿಸಿತು.

"ಫೋನು ಇಡಬೇಡಿ," ಎಂದಳು. "ಆಂಬುಲೆನ್ಸ್ ಕಳಿಸ್ತಿದ್ದೀವಿ. ಎಷ್ಟನೇ ಮಹಡಿ? ಲಿಫ್ಟ್ ಇದೆಯಾ?"